ಬಲಗೈಯ ಲೆಕ್ಕ

ವಾದ್ಯಸಂಗೀತದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ವಿಮರ್ಶೆಗಳನ್ನು ಓದುವಾಗ ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತದೆ. ಹೊಗಳಿಕೆಯೆಲ್ಲ ಎಡಗೈಗೇ ಸಲ್ಲುತ್ತದೆ. ಮೀಂಡು ಎಷ್ಟು ನುಣುಪಾಗಿತ್ತು, ಗಮಕ ಹೇಗೆ ತೂಗಿತು, ಗಾಂಧಾರ ಎಲ್ಲಿ ಹೋಗಿ ನಿಂತಿತು, ಇತ್ಯಾದಿ. ತಂತಿಯನ್ನು ಮೀಟಿ ನಾದವನ್ನು ಹುಟ್ಟಿಸುವ ಬಲಗೈಯ ಪಾಡು ಮದುವೆಮನೆಯ ಅಡುಗೆಯವನ ಪಾಡು. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವನ ಸುದ್ದಿ ಬರುತ್ತದೆ. ಆದರೆ ಸ್ವರವೊಂದು ಹೇಗೆ ಬಾಯಿ ತೆರೆಯಿತು, ಗಡುಸಾಗಿಯೋ ಮೆತ್ತಗೆಯೋ, ಒಂದೇ ಉಸಿರಿನಲ್ಲಿ ಎಷ್ಟು ದೂರ ನಡೆಯಿತು, ಮತ್ತೆ ಎಲ್ಲಿ ಉಸಿರೆಳೆದುಕೊಂಡಿತು ಎಂಬುದನ್ನು ನಿಶ್ಚಯಿಸುವುದು ಆ ಕೈಯೇ. ಅದರ ಬಗ್ಗೆ, ಅದರಲ್ಲಿಯೂ ನೋಡುವುದಕ್ಕೆ ಬರಿಯ ಅಂಗಡಿಯ ವ್ಯವಹಾರದಂತೆ ಕಾಣುವ ಒಂದು ಸಣ್ಣ ಪ್ರಶ್ನೆಯ ಬಗ್ಗೆ, ಈ ವಾರ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಸ್ಟೀಲ್ ಗಿಟಾರೆಂದರೆ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನುಡಿಸುವ ಗಿಟಾರು. ಇಲ್ಲಿ ಎಡಗೈಯ ಬೆರಳು ತಂತಿಯನ್ನು ಮರಕ್ಕೆ ಒತ್ತುವುದಿಲ್ಲ. ನುಣುಪಾದ ಉಕ್ಕಿನ ಸರಳೊಂದು ತಂತಿಗಳ ಮೇಲೆ ಜಾರುತ್ತದೆ. ಮೀಟುವ ಕೈಗೆ ಉಗುರು ತೊಡುತ್ತಾರೆ. ಅಂಗಡಿಯವರು ಇದಕ್ಕೆ ಪಿಕ್ ಎನ್ನುತ್ತಾರೆ. ನಾನು ಉಗುರೆಂದೇ ಕರೆಯುತ್ತೇನೆ. ಹೆಬ್ಬೆರಳಿನದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ಉಂಗುರದಂತೆ ಸುತ್ತಿಕೊಂಡು ಒಂದು ಬದಿಗೆ ನಾಲಗೆ ಚಾಚಿರುತ್ತದೆ. ಉಳಿದ ಬೆರಳುಗಳವು ತೆಳುವಾದ ಲೋಹದ ತಗಡಿನವು. ಪ್ರಶ್ನೆ ಇಷ್ಟೆ: ಕಲಿಯುವವನು ಎಷ್ಟು ಉಗುರು ತೊಡಬೇಕು? ಹೆಬ್ಬೆರಳಿಗೆ ಮಾತ್ರವೇ? ಹೆಬ್ಬೆರಳು ತೋರುಬೆರಳುಗಳಿಗೆ ಎರಡೇ? ನಡುಬೆರಳೂ ಸೇರಿ ಮೂರೇ? ಉಂಗುರಬೆರಳಿಗೂ ತೊಡಿಸಿ ನಾಲ್ಕು ಮಾಡುವವರಿದ್ದಾರೆ. ಒಂದೂ ಬೇಡ, ದೇವರು ಕೊಟ್ಟ ಬೆರಳೇ ಸಾಕು ಎನ್ನುವವರೂ ಇದ್ದಾರೆ.

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಅಬಲೂರಿನಲ್ಲಿ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಈ ಊರು ವಾಚಕರಿಗೆ ಎರಡು ಕಾರಣಗಳಿಂದ ಪರಿಚಿತವಾಗಿರಬಹುದು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವೂ ಶಿಲ್ಪಗಳೂ ಇಲ್ಲಿಯ ಸೋಮೇಶ್ವರ ಗುಡಿಯಲ್ಲಿವೆ. ಸರ್ವಜ್ಞನ ಮಾತು ಬಂದಾಗ ಮಾಸೂರಿನ ಜೊತೆಗೆ ಈ ಊರಿನ ಹೆಸರೂ ಬರುತ್ತದೆ. ಸ್ಟೀಲ್ ಗಿಟಾರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರೆ, ಏನೂ ಇಲ್ಲ ಎಂದೇ ಹೇಳಬೇಕು. ನನ್ನ ತಂಗಿಯನ್ನು ಕೊಟ್ಟ ಊರು ಅದು. ಅವಳ ಮಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾನೆ. ಮೊದಲನೆಯ ವರ್ಷದ ಸಂಬಳದಲ್ಲಿ ಉಳಿಸಿ ಇಂಥದೊಂದು ಗಿಟಾರು ಕೊಂಡ. ಕಳೆದ ದೀಪಾವಳಿಗೆ ಅದನ್ನು ಊರಿಗೆ ಹೊತ್ತು ತಂದಿದ್ದ. ನಾನೂ ಹೋಗಿದ್ದೆ.

"ಮಾಮಾ, ಇಷ್ಟ ವರ್ಷ ಸಂಗೀತದ ಬಗ್ಗೆ ಬರದೀರಿ. ಎಷ್ಟು ಹಾಕ್ಕೋಬೇಕು ಹೇಳ್ರಿ. ಒಬ್ಬರು ಎರಡು ಅಂತಾರ, ಒಬ್ಬರು ಮೂರು ಅಂತಾರ, ಇನ್ನೊಬ್ಬರು ಯಾವ್ದೂ ಬ್ಯಾಡ ಅಂತಾರ," ಎಂದ.

"ನೀ ಏನು ನುಡಿಸಬೇಕಂತ ಮಾಡೀಯೋ?"

"ಯಮನ್ ಸುರು ಮಾಡೀನ್ರಿ. ಆಮ್ಯಾಲೆ ಸಿನಿಮಾ ಹಾಡೂ ನುಡಸಬೇಕು."

ಆ 'ಆಮ್ಯಾಲೆ' ಎಂಬ ಮಾತಿನಲ್ಲಿ ಇಡಿಯ ತೊಡಕು ಅಡಗಿದೆ. ಯಮನ್ ರಾಗಕ್ಕೆ ಬೇಕಾದ ಕೈ ಬೇರೆ, ಸಿನಿಮಾ ಹಾಡಿನ ಕೆಳಗೆ ಹಾಸುವ ಸ್ವರಮೇಳಕ್ಕೆ ಬೇಕಾದ ಕೈ ಬೇರೆ. ಇದು ಈ ಹುಡುಗನೊಬ್ಬನ ತೊಡಕಲ್ಲ. ಈ ವಾದ್ಯ ನಮ್ಮ ದೇಶಕ್ಕೆ ಬಂದಂದಿನಿಂದಲೂ ಇರುವ ತೊಡಕು.

ಇದು ಹವಾಯಿ ದ್ವೀಪಗಳಿಂದ ಬಂದದ್ದು. 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬವನು, ಇನ್ನೂ ಹುಡುಗನಾಗಿದ್ದಾಗ, ಗಿಟಾರಿನ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ಈ ಪದ್ಧತಿಯನ್ನು ಕಂಡುಹಿಡಿದನೆಂದು ಪ್ರತೀತಿ. ಭಾರತದಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬವನ ಹೆಸರನ್ನು ಹೇಳುವವರೂ ಉಂಟು. ಅದು ನಿಜವಾಗಿದ್ದರೆ ನಮ್ಮವರ ಎದೆ ಒಂದು ಗೇಣು ಉಬ್ಬಬಹುದು, ಇರಲಿ. 1940ರ ದಶಕದಲ್ಲಿ ಹವಾಯಿಯ ಟೌ ಮೋ ಎಂಬ ವಾದಕ ಕುಟುಂಬಸಮೇತ ಕಲಕತ್ತೆಯಲ್ಲಿದ್ದು ಗಿಟಾರು ಕಲಿಸಿದ. ಬಂಗಾಳದವರು ಅದನ್ನು ಕೈಹಿಡಿದರು, ರವೀಂದ್ರರ ಗೀತೆಗಳನ್ನು ಅದರಲ್ಲಿ ನುಡಿಸಿದರು. ಆಮೇಲೆ ಸಿನಿಮಾ ಹಾಡು ಬಂತು. ನಮ್ಮ ಮನೆಯ ರೇಡಿಯೋದಲ್ಲಿ ವಾರ್ತೆಗೆ ಎರಡು ನಿಮಿಷ ಬಾಕಿ ಉಳಿದರೆ ಸುನೀಲ್ ಗಂಗೂಲಿಯವರ ತಟ್ಟೆಯೊಂದು ತಿರುಗುತ್ತಿತ್ತು. ಹಾಡಿನ ಮಾತಿಲ್ಲದ ಹಾಡು. ನನ್ನ ವಯಸ್ಸಿನವರಿಗೆ ಸ್ಟೀಲ್ ಗಿಟಾರೆಂದರೆ ಆ ಎರಡು ನಿಮಿಷವೇ.

ಅದನ್ನು ರಾಗಸಂಗೀತದ ಮನೆಯೊಳಕ್ಕೆ ಕರೆತಂದವರಲ್ಲಿ ದೊಡ್ಡ ಹೆಸರು ಬ್ರಿಜ್ ಭೂಷಣ್ ಕಾಬ್ರಾ (1937–2018) ಅವರದು. ಅವರು ಅಲಿ ಅಕ್ಬರ್ ಖಾನರ ಶಿಷ್ಯರು. ಇಲ್ಲಿ ಕನ್ನಡಿಗರಿಗೆ ಒಂದು ಕುತೂಹಲದ ಸಂಗತಿಯಿದೆ. ನವ್ಯಕಾಲದಲ್ಲಿ ಸಾಹಿತ್ಯವಿಮರ್ಶಕರಾಗಿ ಹೆಸರಾಗಿ, ಇಂಗ್ಲಿಷ್ ಅಧ್ಯಾಪನವನ್ನು ಬಿಟ್ಟು ಸರೋದಿನ ಬೆನ್ನು ಹತ್ತಿದ ನಮ್ಮ ರಾಜೀವ ತಾರಾನಾಥರೂ (1932–2024) ಅದೇ ಗುರುವಿನ ಶಿಷ್ಯರು. ಗುರು ಒಬ್ಬರೇ, ಹೇಳಿಕೊಟ್ಟ ಬೋಲುಗಳೂ ಅವೇ. ಆದರೆ ಸರೋದಿನವರ ಬಲಗೈಯಲ್ಲಿ ಇರುವುದು ತೆಂಗಿನ ಕರಟದಿಂದ ಕೆತ್ತಿದ ಒಂದೇ ಒಂದು ಜವಾ. ಗಿಟಾರಿನವರಿಗೆ ಬೆರಳಿಗೊಂದು ಉಗುರು. ಒಂದೇ ವಿದ್ಯೆ ಎರಡು ಬಗೆಯ ಕೈಗೆ ಬಂದಾಗ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಎಡೆ ಸಿಗಲಾರದು.

ಸಿತಾರನ್ನು ಮೊದಲು ತೆಗೆದುಕೊಳ್ಳೋಣ. ತೋರುಬೆರಳಿಗೆ ತಂತಿಯ ಒಂದು ಮಿಜರಾಬ್. ಅದು ಒಳಕ್ಕೆ ಬಂದರೆ 'ದಾ', ಹೊರಕ್ಕೆ ಹೋದರೆ 'ರಾ'. ಬೆರಳು ಒಂದೇ, ದಿಕ್ಕು ಎರಡು. ಆದ್ದರಿಂದ ಎರಡು ಅಕ್ಷರಗಳ ತೂಕ ಬೇರೆಯಾದರೂ ದನಿಯ ಜಾತಿ ಒಂದೇ. ಸರೋದಿನಲ್ಲೂ ಹಾಗೆಯೇ, ಒಂದೇ ಜವಾ ಮೇಲೆ ಕೆಳಗೆ ಆಡುತ್ತದೆ. ಗಿಟಾರಿನಲ್ಲಿ ಏನಾಗುತ್ತದೆ? ಹೆಬ್ಬೆರಳು ಮೈಯಿಂದ ಆಚೆಗೆ ತಳ್ಳುತ್ತದೆ, ತೋರುಬೆರಳು ಅಂಗೈಯ ಕಡೆಗೆ ಎಳೆಯುತ್ತದೆ. ಒಂದೇ ಬೆರಳಿನ ಎರಡು ದಿಕ್ಕುಗಳ ಕೆಲಸ ಎರಡು ಬೇರೆ ಬೆರಳುಗಳ ಪಾಲಿಗೆ ಬಂತು. ಒಂದಕ್ಕೆ ಪ್ಲಾಸ್ಟಿಕ್ಕಿನ ಉಗುರು, ಇನ್ನೊಂದಕ್ಕೆ ಲೋಹದ್ದು. ಹೆಬ್ಬೆರಳು ದಪ್ಪನೆಯ ಗಂಡುದನಿ, ತೋರುಬೆರಳು ಮಿಂಚುವ ದನಿ. ಇವೆರಡನ್ನು ಒಂದೇ ಬಾಯಿಂದ ಬಂದಂತೆ ಮಾಡುವುದಕ್ಕೇ ಕಲಿಯುವವನ ಆರು ತಿಂಗಳು ಹೋಗುತ್ತದೆ. ಮೂರನೆಯ ಉಗುರು ಸೇರಿದರೆ ಮೂರನೆಯ ದನಿ. ಉಗುರು ಹೆಚ್ಚಿದಷ್ಟು ವೇಗ ಹೆಚ್ಚುತ್ತದೆ ಎಂದು ಜನ ತಿಳಿದಿದ್ದಾರೆ. ವೇಗ ಬರುವುದು ಆಮೇಲೆ. ಮೊದಲು ಬರುವುದು ಒಡಕು.

ಹಾಗಾದರೆ ಒಂದೇ ಸಾಕೆನ್ನುವ ಶುದ್ಧವಾದಿಗಳ ಮಾತು ಸರಿಯೇ? ಅದೂ ಅಲ್ಲ. ನಮ್ಮ ದೇಶದಲ್ಲಿಯೇ ಈ ಲೆಕ್ಕ ಒಂದಕ್ಕೆ ನಿಂತಿಲ್ಲ. ರುದ್ರವೀಣೆಯವರು ತೋರುಬೆರಳು ನಡುಬೆರಳು ಎರಡಕ್ಕೂ ಮಿಜರಾಬ್ ತೊಡುತ್ತಾರೆ, ಚಿಕಾರಿಗೆ ಕಿರುಬೆರಳಿನ ಉಗುರು. ಧಾರವಾಡದಲ್ಲಿ ನೆಲೆನಿಂತ ಸಿತಾರರತ್ನ ರಹಿಮತ್ ಖಾನರು ಕಲಿತದ್ದು ಬೀನಕಾರ ಬಂದೇ ಅಲಿ ಖಾನರಿಂದ. ಗುರುವಿನದು ಎರಡು ಉಗುರಿನ ವಾದ್ಯ, ಶಿಷ್ಯರದು ಒಂದು ಉಗುರಿನದು. ವಿದ್ಯೆ ದಾಟಿ ಬಂತು, ಮೊಮ್ಮಗ ಬಾಲೇ ಖಾನರ (1942–2007) ವರೆಗೂ ಬಂತು. ಒಂದು ಉಗುರು ಕಡಿಮೆಯಾಯಿತೆಂದು ಧಾರವಾಡದ ರಸಿಕರು ಯಾರೂ ಕೊರಗಲಿಲ್ಲ. ತೆಂಕಣ ವೀಣೆಯಲ್ಲಿ ತೋರುಬೆರಳು ನಡುಬೆರಳು ಮೀಟಿದರೆ ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದೆ. ಕೆಲವರು ಸ್ವಂತ ಉಗುರು ಬೆಳೆಸುತ್ತಾರೆ, ಕೆಲವರು ತಂತಿಯದನ್ನು ತೊಡುತ್ತಾರೆ. ಮದರಾಸಿನ ವೀಣಾ ಧನಮ್ಮಾಳ್ (1867–1938) ಏನನ್ನೂ ತೊಡದೆ ಬೆರಳಿನಿಂದಲೇ ಮೀಟುತ್ತಿದ್ದರು. ಆ ಮೆಲುದನಿಯನ್ನು ಕೇಳುವುದಕ್ಕೆ ಘನಪಂಡಿತರು ಅವರ ಮನೆಯಲ್ಲಿ ಉಸಿರು ಬಿಗಿಹಿಡಿದು ಕೂಡುತ್ತಿದ್ದರಂತೆ. ಇವೆಲ್ಲಕ್ಕಿಂತ ಸ್ಟೀಲ್ ಗಿಟಾರಿಗೆ ಹತ್ತಿರದ ನೆಂಟ ಗೋಟುವಾದ್ಯ, ಇಂದಿನವರು ಚಿತ್ರವೀಣೆ ಎನ್ನುವುದು. ಅದಕ್ಕೆ ಮೆಟ್ಟಿಲುಗಳಿಲ್ಲ, ಎಡಗೈಯಲ್ಲಿ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಬಲಗೈಯಲ್ಲಿ ಎರಡು ಬೆರಳಿಗೆ ಉಗುರು.

ಸಂಖ್ಯೆ ಹುಟ್ಟಿದ್ದು ವಾದ್ಯದ ಹೊಟ್ಟೆಯಿಂದ, ತಂತಿಗಳು ಕೂತಿರುವ ರೀತಿಯಿಂದ. ಒಂದು ಬೆರಳಿನಲ್ಲಿ ಹೆಚ್ಚು ಪುಣ್ಯವಿದೆ ಎಂದಲ್ಲ. ಸಿತಾರಿನಲ್ಲಿ ರಾಗ ನಡೆಯುವುದು ಬಹುಪಾಲು ಒಂದೇ ತಂತಿಯ ಮೇಲೆ; ಒಂದೇ ಬೆರಳು ಸಾಕಾಯಿತು. ಹವಾಯಿಯ ಹಾಡಿನಲ್ಲಿ ಮೂರು ತಂತಿ ಒಟ್ಟಿಗೆ ನುಡಿಯಬೇಕು. ಮೂರು ಬೆರಳು ಬೇಕಾಯಿತು. ಅಮೆರಿಕದಲ್ಲಿ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳನ್ನು ಚಕ್ರದ ಹಾಗೆ ಉರುಳಿಸುವ ಪದ್ಧತಿಯನ್ನು ಪ್ರಸಿದ್ಧಪಡಿಸಿದ. ಜಾಶ್ ಗ್ರೇವ್ಸ್ ಎಂಬವನು ಅದನ್ನು ತೊಡೆಯ ಮೇಲಿನ ಗಿಟಾರಿಗೆ ತಂದ. ಇಂದು ಕಲಿಯುವವರಿಗೆಲ್ಲ 'ಮೂರು ತೊಡು' ಎಂದು ಸಿಗುವ ಉಪದೇಶ ಬಹುಮಟ್ಟಿಗೆ ಈ ಎರಡು ಕಡೆಗಳಿಂದ ಬಂದದ್ದು. ಅಲ್ಲಿ ಅದು ಸರಿಯಾದ ಉಪದೇಶವೇ. ಯಮನ್ ಕಲಿಯುವ ಅಬಲೂರಿನ ಹುಡುಗನಿಗೆ ಅದನ್ನು ಹಾಗೆಯೇ ಒಪ್ಪಿಸುವುದು ಬೇರೆ ಮಾತು.

ಈ ಮಾತನ್ನು ಬರಿಯ ವಾದವಾಗಿ ಬಿಡಬಾರದೆಂದು ಆ ದೀಪಾವಳಿಯ ಪಾಡ್ಯದ ಮಧ್ಯಾಹ್ನ ನಾವು ಒಂದು ಪರೀಕ್ಷೆ ಮಾಡಿದೆವು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಅವನು ಯಮನ್ನಿನ ಒಂದೇ ಸಣ್ಣ ಸ್ವರಗುಚ್ಛವನ್ನು, ಮಂದ್ರದ ನಿಷಾದದಿಂದ ಹೊರಟು ಪಂಚಮ ಮುಟ್ಟಿ ಗಾಂಧಾರಕ್ಕೆ ಮರಳುವಷ್ಟನ್ನು, ಮೊದಲು ಹೆಬ್ಬೆರಳಿನಿಂದ ಮಾತ್ರ, ಆಮೇಲೆ ಎರಡು ಬೆರಳಿನಿಂದ, ಆಮೇಲೆ ಮೂರರಿಂದ ನುಡಿಸಬೇಕು. ಯಾವುದು ಎಂದು ನನಗೆ ಹೇಳಕೂಡದು. ಕ್ರಮವನ್ನು ಬದಲಿಸಿ ಬದಲಿಸಿ ಹತ್ತು ಹನ್ನೆರಡು ಸಲ ನುಡಿಸಿದ. ಒಳಗಿನಿಂದ ನನ್ನ ತಂಗಿ, "ಅದನ್ನ ಎಷ್ಟ ಸಲ ನುಡಸ್ತೀರಿ, ಮುಂದಿಂದು ಬರೂದಿಲ್ಲೇನು?" ಎಂದು ಕೇಳಿದಳು. ಅವಳ ವಿಮರ್ಶೆಯೂ ದಾಖಲಾಗಲಿ.

ಹೆಬ್ಬೆರಳೊಂದೇ ಮೀಟಿದಾಗ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಹಾಡಿದವು. ಮೀಟಿನಿಂದ ಮೀಟಿಗೆ ಹೆಬ್ಬೆರಳು ಹಿಂದಿರುಗಿ ಬರಬೇಕಲ್ಲ, ಆ ಹೊತ್ತಿನಲ್ಲಿ ಉಕ್ಕಿನ ಸರಳು ಜಾರಿಯೇ ಮುಂದಿನ ಸ್ವರ ಹಿಡಿಯಬೇಕಾಗುತ್ತಿತ್ತು. ಬಡತನವೇ ಜಾಣತನ ಕಲಿಸಿತು. ಆದರೆ ಲಯ ತುಸು ಏರಿಸಿದರೆ ಕುಂಟುತ್ತಿತ್ತು. ಎರಡು ಬೆರಳಿನಲ್ಲಿ ದಾ-ರಾ ಎಂಬುದು ಕೇಳಿಬಂತು, ತೂಕ ಸಮವಲ್ಲದಿದ್ದರೂ ನಡಿಗೆ ನೆಟ್ಟಗಿತ್ತು. ಮೂರು ಬೆರಳು ಬಂದಾಗ ನನಗೆ ಕಣ್ಣು ಮುಚ್ಚಿಯೂ ಗೊತ್ತಾಗುತ್ತಿತ್ತು. ಹೇಗೆಂದರೆ, ಸ್ವರಗಳ ಮೇಲೆ ಬೀಳುವ ಒತ್ತು ಪ್ರತಿ ಮೂರನೆಯದಕ್ಕೆ ಬೀಳುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತೆ ಹೆಬ್ಬೆರಳು. ಹೆಬ್ಬೆರಳು ಬಲಶಾಲಿ, ಅದು ಬಂದಾಗಲೆಲ್ಲ ಸ್ವರ ತಲೆಯೆತ್ತುತ್ತದೆ. ತೀನತಾಲ ಹದಿನಾರು ಮಾತ್ರೆ, ನಾಲ್ಕು ನಾಲ್ಕಾಗಿ ನಡೆಯುವುದು. ಕೈ ಮೂರು ಮೂರಾಗಿ ನಡೆದರೆ ರಾಗವೊಂದು ಕಡೆ, ತಾಳವೊಂದು ಕಡೆ. ಪಾಪ, ಅವನಿಗೆ ಇದು ಗೊತ್ತೇ ಆಗಿರಲಿಲ್ಲ. ಬೆರಳು ಸರಾಗವಾಗಿ ಉರುಳುತ್ತಿದೆ ಎಂಬ ಸಂತೋಷದಲ್ಲಿದ್ದ.

ಇಲ್ಲೊಂದು ಮಾತು ಹೇಳಬೇಕು. ಬ್ಯಾಂಜೋದವರಿಗೆ ಇದೇ ದೋಷ ಗುಣವಾಯಿತು. ಎಂಟು ಮಾತ್ರೆಯನ್ನು ಮೂರು, ಮೂರು, ಎರಡು ಎಂದು ಒಡೆದು ಅವರು ಹೊಸ ಚೆಲುವನ್ನೇ ಹುಟ್ಟಿಸಿದರು. ನಮ್ಮಲ್ಲಿಯೂ ಆರು ಮಾತ್ರೆಯ ದಾದ್ರಾಕ್ಕೆ ಮೂರು ಬೆರಳಿನ ನಡೆ ಹೇಳಿ ಮಾಡಿಸಿದಂತಿದೆ. ಆದರೆ ದಾದ್ರಾಕ್ಕೆ ಸಲ್ಲುವ ಕೈಯನ್ನು ತೀನತಾಲಕ್ಕೆ ಒಯ್ದರೆ, ಒತ್ತನ್ನು ಬೇಕಾದ ಬೆರಳಿಗೆ ಬೇಕಾದಾಗ ವರ್ಗಾಯಿಸುವ ಶಕ್ತಿ ಬೇಕು. ಅದು ಕಲಿತವನ ಶಕ್ತಿ, ಕಲಿಯುವವನದಲ್ಲ.

ಎದುರುಪಕ್ಷದ ವಾದವನ್ನೂ ನಾನು ಹಗುರವಾಗಿ ಕಾಣುವವನಲ್ಲ. ಅವರು ಹೇಳುವುದು ಇಷ್ಟು: ಎರಡರಿಂದ ಆರಂಭಿಸಿದರೆ ನಡುಬೆರಳು ಸೋಮಾರಿಯಾಗುತ್ತದೆ. ಎರಡು ವರ್ಷವಾದ ಮೇಲೆ ಅದಕ್ಕೆ ಉಗುರು ತೊಡಿಸಿದರೆ ಹೊಸ ಸೊಸೆಯ ಹಾಗೆ ತಡವರಿಸುತ್ತದೆ. ಕೈಯ ಭಂಗಿಯನ್ನೇ ಮತ್ತೆ ತಿದ್ದಬೇಕಾಗುತ್ತದೆ. ಮೊದಲ ದಿನದಿಂದ ಮೂರೂ ತೊಟ್ಟ ಕೈಗೆ ಈ ಕಷ್ಟವಿಲ್ಲ. ಇದು ಅನುಭವದ ಮಾತು, ಇದರಲ್ಲಿ ಸತ್ಯವಿದೆ. ಕಾಬ್ರಾ ಅವರ ಶಿಷ್ಯ, ಕಲಕತ್ತೆಯ ದೇಬಾಶಿಷ್ ಭಟ್ಟಾಚಾರ್ಯರು ಮೂರು ಬೆರಳಿನ ಮೀಟನ್ನು ಒಂದು ಶಾಸ್ತ್ರವೆಂಬಷ್ಟರ ಮಟ್ಟಿಗೆ ಬೆಳೆಸಿದ್ದಾರೆ. ಅವರ ದ್ರುತಗತಿಯನ್ನು ಕೇಳಿದವರು ಇದನ್ನು ಎರಡು ಬೆರಳಿನಲ್ಲಿ ಮಾಡಬಹುದಿತ್ತು ಎಂದು ಹೇಳುವ ಧೈರ್ಯ ಮಾಡಲಾರರು.

ಆದರೆ ತೊಡುವುದು ಬೇರೆ, ನುಡಿಸುವುದು ಬೇರೆ. ಈ ಭೇದವನ್ನು ವಾದಿಸುವವರು ಇಬ್ಬರೂ ಗಮನಿಸುವುದಿಲ್ಲ. ಮೂರು ತೊಟ್ಟು ಕೂತರೂ ಆಲಾಪದ ಹೊತ್ತಿನಲ್ಲಿ ಎರಡು ಬೆರಳು ಸುಮ್ಮನಿರಬಹುದು. ಕೈಗೆ ಭಾರ, ಭಂಗಿ ಅಭ್ಯಾಸವಾಗಲಿ. ಬಾಯಿ ಮಾತ್ರ ಒಂದೇ ಇರಲಿ. ತೊಟ್ಟದ್ದನ್ನೆಲ್ಲ ಬಳಸಿಯೇ ತೀರಬೇಕೆಂಬ ಹಟವೇ ಕೆಡುಕಿನ ಮೂಲ. ಈ ಊರಿನವನೆನಿಸಿಕೊಂಡ ಸರ್ವಜ್ಞನ ತ್ರಿಪದಿಯನ್ನು ನೋಡಿ. ಮೂರು ಸಾಲು ಎಂದು ಲೆಕ್ಕ, ಆದರೆ ಮೂರನೆಯದು ಚಿಕ್ಕದು. ಅದರಲ್ಲಿಯೂ ಕೊನೆಗೆ ಹೆಸರಿಗೆ ಜಾಗ ಬಿಟ್ಟುಕೊಟ್ಟಾಗಿದೆ. ಇನ್ನೂ ಹೇಳುವುದಕ್ಕೆ ಎಡೆಯಿದ್ದೂ ಅವನು ಹೇಳಲಿಲ್ಲ. ಹೋಲಿಕೆ ತುಸು ದೂರದ್ದಾಯಿತೇನೋ, ವಾಚಕರು ಮನ್ನಿಸಬೇಕು.

ಇನ್ನು ಯಾರೂ ಮಾತಾಡದ ಬೆರಳುಗಳು: ಏನನ್ನೂ ತೊಡದವು. ಸ್ಟೀಲ್ ಗಿಟಾರಿನಲ್ಲಿ ನಾದ ಹುಟ್ಟಿಸುವುದಕ್ಕಿಂತ ನಾದ ಅಡಗಿಸುವುದು ಕಷ್ಟ. ಸರಳು ಎಲ್ಲ ತಂತಿಗಳ ಮೇಲೂ ಕೂತಿರುತ್ತದೆ. ಬೇಡವಾದ ತಂತಿ ಗುಂಯ್‌ಗುಡುತ್ತಲೇ ಇರುತ್ತದೆ. ಅದನ್ನು ಅಂಗೈಯ ಅಂಚಿನಿಂದಲೋ ಬೆರಳ ತುದಿಯಿಂದಲೋ ಮುಟ್ಟಿ ನಿಲ್ಲಿಸಬೇಕು. ಬರಿಯ ಬೆರಳು ತಂತಿ ಮುಟ್ಟಿದರೆ ತಂತಿ ಕಂಪಿಸುತ್ತಿದೆಯೋ ಇಲ್ಲವೋ ಅದಕ್ಕೆ ತಿಳಿಯುತ್ತದೆ. ಲೋಹ ತೊಟ್ಟ ಬೆರಳು ಕುರುಡು. ನುಡಿಯುತ್ತಿರುವ ತಂತಿಗೆ ಲೋಹ ತಗಲಿದರೆ 'ಕಿಚ್' ಎಂಬ ಸದ್ದು ಬೇರೆ. ಮೂರು ತೊಟ್ಟರೆ ಉಳಿಯುವುದು ಉಂಗುರಬೆರಳು ಮತ್ತು ಕಿರುಬೆರಳು. ನಾಲ್ಕು ತೊಟ್ಟರೆ ಕಿರುಬೆರಳೊಂದೇ. ಆದ್ದರಿಂದ ಎಷ್ಟು ತೊಡಬೇಕು ಎಂದು ಕೇಳುವವನು, ಎಷ್ಟು ಬೆರಳನ್ನು ಬರಿದಾಗಿ ಬಿಡಬೇಕು ಎಂದೂ ಕೇಳಿಕೊಳ್ಳಬೇಕು. ನಾಲ್ಕು ಉಗುರಿನ ಕೈಯನ್ನು ನಾನು ಕಲಿಯುವವರಿಗೆ ಒಪ್ಪದಿರುವುದಕ್ಕೆ ಮುಖ್ಯ ಕಾರಣ ಇದೇ.

ಆದರೂ ಈ ವಿಷಯದಲ್ಲಿ ನನಗೆ ಇಷ್ಟೊಂದು ಆಸ್ಥೆ ಏಕೆ? ನಾವು ಗಾಯನದ ನಾಡಿನವರು. ಕುಂದಗೋಳದ ಸವಾಯಿ ಗಂಧರ್ವರ (1886–1952) ಪರಂಪರೆ ನಮ್ಮ ಕಿವಿಯನ್ನು ತಿದ್ದಿದೆ. ನಮ್ಮ ನೆರೆಯ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿಯವರು (1913–2009) ಒಂದು ಷಡ್ಜವನ್ನು ಹಿಡಿದು ನಿಂತರೆ ಕೇಳುವವನು ತನ್ನ ಉಸಿರನ್ನು ಮರೆಯುತ್ತಿದ್ದ. ಕಿರಾಣಾ ಗಾಯನದ ಬಲವೇ ಸ್ವರದಿಂದ ಸ್ವರಕ್ಕೆ ಕಡಿಯದೆ ಸಾಗುವ ಆ ನಿಧಾನದಲ್ಲಿದೆ. ಮೀಟಿ ನುಡಿಸುವ ವಾದ್ಯಗಳಲ್ಲಿ ಈ ನಿಧಾನಕ್ಕೆ ಹತ್ತಿರ ಬರಬಲ್ಲದ್ದು ಜಾರುವ ಸರಳಿನ ಈ ವಾದ್ಯ. ಒಂದು ಮೀಟು ಎಂದರೆ ಒಂದು ಉಸಿರು. ಮಿಂಚಿನ ಗಿಟಾರಿನಲ್ಲಿ, ಎಂದರೆ ವಿದ್ಯುತ್ತಿನಿಂದ ದನಿ ಹೆಚ್ಚಿಸುವುದರಲ್ಲಿ, ಆ ಉಸಿರು ಉದ್ದ. ಮರದ ಡೊಳ್ಳಿನದರಲ್ಲಿ ಗಿಡ್ಡ. ಹೇಗಿದ್ದರೂ ಮತ್ತೆ ಮೀಟಿದಾಗಲೆಲ್ಲ ಆ ಉಸಿರು ಕಡಿಯುತ್ತದೆ. ಬೆರಳಿಗೆ ಉಗುರು ಹೆಚ್ಚಿದಂತೆ ಮೀಟುವ ಆಸೆ ಹೆಚ್ಚುತ್ತದೆ, ಎಡಗೈ ಒಂದೇ ಎಳೆತದಲ್ಲಿ ತರಬಹುದಾದ ನಾಲ್ಕು ಸ್ವರಕ್ಕೆ ಬಲಗೈ ನಾಲ್ಕು ಪೆಟ್ಟು ಹಾಕುತ್ತದೆ. ಹಾಡಬಲ್ಲ ವಾದ್ಯ ಹೀಗೆ ಬಡಬಡಿಸುವ ವಾದ್ಯವಾಗುವುದನ್ನು ನಾನು ಈಚಿನ ಕಚೇರಿಗಳಲ್ಲ್ಲಿ ಬೇಸರದಿಂದ ಕೇಳುತ್ತಿದ್ದೇನೆ. ಝಾಲಾ ಬಂದೊಡನೆ ಸಭೆ ಚಪ್ಪಾಳೆ ತಟ್ಟುತ್ತದೆ. ಅರ್ಧ ತಪ್ಪು ನಮ್ಮದು.

ಕಾಬ್ರಾ ಅವರನ್ನು ಕೇಳಬೇಕಾದರೆ 1967ರ 'ಕಾಲ್ ಆಫ್ ದಿ ವ್ಯಾಲಿ' ತಟ್ಟೆ ಇದೆ. ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ ಚೌರಾಸಿಯಾರ ಕೊಳಲು, ಇವರ ಗಿಟಾರು. ಸಂತೂರಿನದು ಹನಿಹನಿಯಾಗಿ ಉದುರುವ ನಾದ, ಕೊಳಲಿನದು ಉಸಿರೇ ಆದ ನಾದ. ಗಿಟಾರು ಇವೆರಡರ ನಡುವೆ ಕೂತಿದೆ. ಅದು ಹನಿಯ ಕಡೆಗೆ ವಾಲದೆ ಉಸಿರಿನ ಕಡೆಗೆ ವಾಲಿರುವುದರಿಂದಲೇ ಆ ತಟ್ಟೆಗೆ ಆ ಶಾಂತಿ ಬಂದಿದೆ ಎಂದು ನನ್ನ ಅಭಿಪ್ರಾಯ. ಕಾಬ್ರಾ ಮೀಟುವುದು ಕಡಿಮೆ. ಮೀಟಿದ್ದನ್ನು ಕೊನೆಯವರೆಗೆ ಉಣ್ಣುತ್ತಾರೆ.

ಇನ್ನೊಂದು, ರವಿಶಂಕರರ ಶಿಷ್ಯ ವಿಶ್ವಮೋಹನ ಭಟ್ಟರು ಅಮೆರಿಕದ ರೈ ಕೂಡರ್ ಜೊತೆಗೆ 1992ರಲ್ಲಿ ನುಡಿಸಿ, 1993ರಲ್ಲಿ ಹೊರಬಂದು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆದ 'ಎ ಮೀಟಿಂಗ್ ಬೈ ದಿ ರಿವರ್'. ಭಟ್ಟರ ಮೋಹನವೀಣೆಯಲ್ಲಿ ಸ್ವರದ ತಂತಿ, ಶ್ರುತಿಯ ತಂತಿ, ತರಬು ಎಲ್ಲ ಸೇರಿ ಇಪ್ಪತ್ತರಷ್ಟು ತಂತಿ. ಕೂಡರ್ ಅವರದು ಸಾಧಾರಣ ಗಿಟಾರು, ಬೆರಳಿಗೆ ಗಾಜಿನ ನಳಿಗೆ. ಒಬ್ಬರ ಬಲಗೈ ಲೋಹದ್ದು, ಚುರುಕು, ಮಾತಿಗೆ ಮಾತು ಜೋಡಿಸುವಂಥದು. ಇನ್ನೊಬ್ಬರದು ಮೆತ್ತನೆಯ ಮಾಂಸದ ಬೆರಳಿನದು. ಒಂದು ಸ್ವರ ಹಾಕಿ ಸುಮ್ಮನಾಗುತ್ತಾರೆ. ಭಟ್ಟರ ತಾನುಗಳು ನಮ್ಮನ್ನು ಬೆರಗುಗೊಳಿಸುತ್ತವೆ, ಒಪ್ಪಿದೆ. ಆದರೆ ಆ ತಟ್ಟೆಯಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಭಟ್ಟರು ತಾವೂ ಕೂಡರರ ನಿಧಾನಕ್ಕೆ ಇಳಿದು ಬರುವ ಆಲಾಪದ ಎಡೆಗಳನ್ನು. ಅಷ್ಟು ತಂತಿ, ಅಷ್ಟು ಉಗುರು ಇದ್ದೂ ಒಂದೇ ತಂತಿಯನ್ನು ಒಮ್ಮೆ ಮೀಟಿ ಕಾಯುವ ಆ ಕೈ ದೊಡ್ಡ ಕೈ.

ಹುಡುಗನಿಗೆ ನಾನು ಹೇಳಿದ್ದು ಹೀಗೆ: "ಮೂರೂ ಹಾಕ್ಕೋ, ಬಿಚ್ಚಿಡಬ್ಯಾಡ. ಆದರ ಯಮನ್ ಆಲಾಪ ಹೆಬ್ಬೆರಳಿನಾಗ ಅಷ್ಟ ನುಡಸು. ಗತ್ತು ಸುರು ಮಾಡಿದಾಗ ತೋರುಬೆರಳು ಕೂಡಸು. ದಾ ಮತ್ತ ರಾ ಒಂದ ತೂಕಕ್ಕ ಬರೂತನಕ ನಡುಬೆರಳಿಗೆ ಕೆಲಸ ಕೊಡಬ್ಯಾಡ."

"ಸಿನಿಮಾ ಹಾಡಿಗೆ?"

"ಅದಕ್ಕ ಮೂರೂ ಬೇಕು. ಅದನ್ನ ಬ್ಯಾರೆ ಹೊತ್ತಿನಾಗ ನುಡಸು. ಮುಂಜಾನೆ ಒಂದು, ಸಂಜಿಗೆ ಒಂದು."

ಅವನ ಮುಖ ನೋಡಿದರೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಚಿಕಾರಿಗೆ ಯಾವ ಬೆರಳು ಎಂದು ಕೇಳಿದ. ಅವನ ಗಿಟಾರಿಗೆ ಚಿಕಾರಿಯೇ ಇರಲಿಲ್ಲ, ಆರು ತಂತಿಯದು. ಚಿಕಾರಿ ಹಾಕಿಸಿದ ದಿನ ನಡುಬೆರಳಿಗೆ ಕೆಲಸ ತಾನಾಗಿ ಹುಟ್ಟುತ್ತದೆ ಎಂದೆ. ಆಗ ಅದು ಸ್ವರಕ್ಕೆ ಕೈಹಾಕುವುದಿಲ್ಲ; ಶ್ರುತಿ ತುಂಬುವ ಕೆಲಸದಲ್ಲಿರುತ್ತದೆ. ಮೂರನೆಯ ಉಗುರಿಗೆ ರಾಗಸಂಗೀತದಲ್ಲಿ ಇದಕ್ಕಿಂತ ಮರ್ಯಾದೆಯ ಜಾಗ ನನಗೆ ಕಾಣದು.

ಕೊಳ್ಳುವವರಿಗೆ ಎರಡು ವ್ಯವಹಾರದ ಮಾತು. ಲೋಹದ ಉಗುರನ್ನು ನಮ್ಮ ಉಗುರಿನ ಬದಿಗಲ್ಲ, ಬೆರಳಿನ ಮೆತ್ತನೆಯ ಬದಿಗೆ ಬರುವಂತೆ ತೊಡಬೇಕು. ಹೊಸಬರಲ್ಲಿ ಹಲವರು ಇದನ್ನು ತಿರುವು ಮುರುವಾಗಿ ತೊಟ್ಟು ತಂತಿಗೆ ಸಿಕ್ಕಿಸಿಕೊಳ್ಳುತ್ತಾರೆ. ಬಿಗಿಯಾದರೆ ಬೆರಳ ತುದಿ ಜೋಮು ಹಿಡಿಯುತ್ತದೆ, ಸಡಿಲವಾದರೆ ಮೀಟುವ ಹೊತ್ತಿಗೆ ತಿರುಗುತ್ತದೆ. ಎರಡು ಕಿವಿಗಳನ್ನು ಮೆಲ್ಲಗೆ ಒತ್ತಿ ಅಳತೆಗೆ ತಂದುಕೊಳ್ಳಬಹುದು. ಹೆಬ್ಬೆರಳಿನ ಪ್ಲಾಸ್ಟಿಕ್ಕಿನದನ್ನು ಬಿಸಿನೀರಿನಲ್ಲಿ ತುಸು ಹೊತ್ತು ಅದ್ದಿದರೆ ಮೆತ್ತಗಾಗುತ್ತದೆ, ಆಗ ಬೇಕಾದ ಹಾಗೆ ಬಾಗಿಸಿ ತಣ್ಣೀರಿಗೆ ಹಾಕಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬೆರಳು ಬೆವೆತು ಲೋಹ ಜಾರುತ್ತದೆ. ಬೆಳಗಿನ ಹೊತ್ತು ನುಡಿಸುವುದು ಮೇಲು.